ಹೊಳೆದಂಡೆ ಮಾತನ್ನ ಪುಸ್ತಕಕ್ಕೆ ತಂದ ಗೊರೂರು

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಕಟ್ಟಿಸಿದವರು ಯಾರು ಅಂತ ಬಸ್ಸಿನಲ್ಲಿ ನಾಲ್ಕು ಜನರನ್ನ ಕೇಳಿ ನೋಡಿ. ಮೂವರು ವಿಷ್ಣುವರ್ಧನ ಮಹಾರಾಜ ಅಂತಾರೆ. ಒಬ್ಬರು ಜಕಣಾಚಾರಿ ಅಂತಾರೆ. ಎರಡೂ ಅಲ್ಲ ಸ್ವಾಮಿ! ಕಟ್ಟಿಸಿದ್ದು ಒಬ್ಬ ವ್ಯಾಪಾರಿ. ಹೆಸರು ಕುಲ್ಲಹಣ ರಾಹುತ, ಹೆಂಡತಿ ಸಹಜಾದೇವಿ. ಕಾಲ 1114ರ ಸುಮಾರು. ಒಂಬೈನೂರು ವರ್ಷ ಕಳೆದ ಮೇಲೂ ಗಂಡ ಹೆಂಡತಿ ಹೆಸರು ನಮಗೆ ಗೊತ್ತಿದೆ ಅಂದ್ರೆ ಅದಕ್ಕೆ ಕಾರಣ ಕಲ್ಲಿನ ಮೇಲೆ ಕೊರೆದ ಅಕ್ಷರ.

ಸರಿ, ದುಡ್ಡಿದ್ದವರಿಗೆ ಶಾಸನ ಆಯ್ತು. ಗದ್ದೆ ಉತ್ತವನಿಗೆ, ಹೊಳೆ ದಾಟಿಸಿದ ಅಂಬಿಗನಿಗೆ, ಸಂತೆಗೆ ಎಮ್ಮೆ ಹೊಡ್ಕೊಂಡು ಹೋದವನಿಗೆ ಕಲ್ಲು ಕೆತ್ತಿಸೋರು ಯಾರು? ಆ ಕೆಲಸ ಕಾಗದದ ಮೇಲೆ ಮಾಡಿದವರು ಇದೇ ಜಿಲ್ಲೆಯಲ್ಲಿ ಹುಟ್ಟಿದರು. ಹಾಸನದಿಂದ ಬೇಲೂರು ರಸ್ತೆಗೆ ದೊಡ್ಡಗದ್ದವಳ್ಳಿಯಾದರೆ ಅರಕಲಗೂಡು ರಸ್ತೆಗೆ ಗೊರೂರು. ಅಲ್ಲಿಯ ರಾಮಸ್ವಾಮಿ ಅಯ್ಯಂಗಾರರ ಮಾತು ಇದು.

ಹುಟ್ಟಿದ್ದು 1904ರಲ್ಲಿ. ಊರ ಪಕ್ಕದಲ್ಲೇ ಹೇಮಾವತಿ ಹೊಳೆ, ದಂಡೆ ಮೇಲೆ ಯೋಗಾನರಸಿಂಹಸ್ವಾಮಿ ಗುಡಿ. ಮನೆಯಲ್ಲಿ ಶಾಸ್ತ್ರದ ಮಾತು, ಬಾಗಿಲು ದಾಟಿದರೆ ಒಕ್ಕಲಿಗರು, ಬೆಸ್ತರು, ಅಗಸರು, ಕುಂಬಾರರ ಮಾತು. ಎರಡು ಕನ್ನಡ ಕೇಳ್ತಾ ಬೆಳೆದ ಹುಡುಗ ಅಂತ ಇಟ್ಕೊಳ್ಳಿ.

ಹೈಸ್ಕೂಲು ಓದ್ತಾ ಇದ್ದಾಗ ಗಾಂಧೀಜಿಯ ಅಸಹಕಾರ ಚಳವಳಿ ಬಂತು. ಸ್ಕೂಲು ಬಿಟ್ಟೇಬಿಟ್ಟರು! ಊರಲ್ಲಿ ಎಷ್ಟು ಜನ ತಲೆ ಚಚ್ಕೊಂಡಿರಬೇಕು ಅಂತ ಯೋಚನೆ ಮಾಡಿ. ಓದು ಅರ್ಧಕ್ಕೆ ನಿಲ್ಲಿಸಿದ ಹುಡುಗನಿಗೆ ಹೆಣ್ಣು ಕೊಡೋದಿರಲಿ, ಸಾಲ ಕೊಡೋಕೂ ಜನ ಹಿಂದೆ ಮುಂದೆ ನೋಡ್ತಾರೆ. ಆದರೆ ಅವರು ಸುಮ್ಮನೆ ಜಗಲಿ ಮೇಲೆ ಕೂರಲಿಲ್ಲ. ಅಹಮದಾಬಾದಿನ ಗುಜರಾತ್ ವಿದ್ಯಾಪೀಠಕ್ಕೆ ಹೋಗಿ ಕಲಿತರು. ವಾಪಸ್ಸು ಬಂದು ಖಾದಿ, ಗ್ರಾಮೋದ್ಯೋಗ ಅಂತ ಹಳ್ಳಿ ಹಳ್ಳಿ ತಿರುಗಿದರು. 1942ರ ಚಲೇಜಾವ್ ಚಳವಳಿಯಲ್ಲಿ ಜೈಲನ್ನೂ ಕಂಡರು. ಗಾಂಧೀಜಿಯ ಆತ್ಮಕಥೆ ಕನ್ನಡದ ಮನೆಗಳಿಗೆ ತಲುಪಿದ್ದು ಇವರ ಅನುವಾದದಿಂದ.

ಖಾದಿ ಕೆಲಸ ಅಂದ್ರೆ ಜನರ ಜೊತೆ ಕೂತು ಮಾತಾಡೋ ಕೆಲಸ. ಗ್ರಾಂಥಿಕ ಕನ್ನಡದಲ್ಲಿ ಭಾಷಣ ಬಿಗಿದರೆ ನೂಲುವ ಅಜ್ಜಿ ಎದ್ದು ಒಳಗೆ ಹೋಗ್ತಾಳೆ. ಅವಳ ಮಾತಲ್ಲೇ ಅವಳಿಗೆ ಹೇಳಬೇಕು.

ಬರೆಯುವ ಆಸೆ ಇದ್ದವರಿಗೆ ಆಗ ವಿಷಯಕ್ಕೇನೂ ಬರ ಇರಲಿಲ್ಲ. ಪುರಾಣ ಇತ್ತು, ರಾಜರ ಚರಿತ್ರೆ ಇತ್ತು, ಇಂಗ್ಲಿಷಿನಿಂದ ತರ್ಜುಮೆ ಮಾಡೋಕೆ ಬೇಕಾದಷ್ಟಿತ್ತು. ಗೊರೂರರು ಅವನ್ನೆಲ್ಲ ಪಕ್ಕಕ್ಕಿಟ್ಟು ತಮ್ಮೂರನ್ನೇ ಹಿಡಿದರು. 1930ರಲ್ಲಿ 'ಹಳ್ಳಿಯ ಚಿತ್ರಗಳು' ಬಂತು. ಆಗ ವಯಸ್ಸು ಇಪ್ಪತ್ತಾರು. ಆಮೇಲೆ 'ನಮ್ಮ ಊರಿನ ರಸಿಕರು', 'ಗರುಡಗಂಬದ ದಾಸಯ್ಯ', 'ಹೇಮಾವತಿ'. ಹೆಸರುಗಳನ್ನ ನೋಡಿದರೇ ಗೊತ್ತಾಗುತ್ತೆ, ಅರಮನೆ ಕಡೆ ತಲೆ ಹಾಕಲಿಲ್ಲ. ಅವರ ಒಂದು ಪ್ರಬಂಧದ ತಲೆಬರಹವೇ ನಮ್ಮ ಎಮ್ಮೆಗೆ ಮಾತು ತಿಳಿಯುವುದೇ ಅಂತ!

ಮಾತಿನ ಹುಚ್ಚು ಬಹಳ ಜನಕ್ಕಿರುತ್ತೆ. ದೊಡ್ಡ ದೊಡ್ಡ ಪದ ಗುಡ್ಡೆ ಹಾಕ್ತಾರೆ, ಎಲ್ಲಿ ಖರ್ಚು ಮಾಡಬೇಕು ಅಂತ ತಿಳಿಯದೆ ಒದ್ದಾಡ್ತಾರೆ. ಗೊರೂರರ ಮಾತಿನ ಹುಚ್ಚಿಗೆ ಒಂದು ವಿಳಾಸ ಇತ್ತು. ಯಾರ ಮಾತು, ಯಾವ ಕೆಲಸದ ಮಾತು ಅನ್ನೋದು ಸ್ಪಷ್ಟ ಇತ್ತು. ಅಂಗಡಿಯವರಿಗೆ ಇದನ್ನ ಹೇಳಬೇಕಾಗಿಲ್ಲ. ಎಲ್ಲ ಮಾಲೂ ಇಡ್ತೀನಿ ಅಂದವನ ಅಂಗಡಿಗಿಂತ ಒಂದು ಮಾಲು ಚೆನ್ನಾಗಿಟ್ಟವನ ಅಂಗಡಿ ನಿಲ್ಲುತ್ತೆ.

ಹಾಗಂತ ಹಳ್ಳಿ ಅಂದ್ರೆ ಬರೀ ತಮಾಷೆ ಅಂತ ಅವರು ತಿಳಿದಿರಲಿಲ್ಲ. 1974ರಲ್ಲಿ ಸಿದ್ದಲಿಂಗಯ್ಯ ತೆಗೆದ 'ಭೂತಯ್ಯನ ಮಗ ಅಯ್ಯು' ಸಿನಿಮಾ ನೋಡದವರು ಯಾರು? ಆ ಕಥೆ ಗೊರೂರರದ್ದೇ. ಸಾಲ, ಜಿಪುಣತನ, ಹಗೆ, ಕೋರ್ಟು ಕಚೇರಿ ಎಲ್ಲ ಅದರಲ್ಲಿದೆ. ಲೋಕೇಶ್, ವಿಷ್ಣುವರ್ಧನ್ ಹೆಸರು ಹೇಳಿ ಟಿಕೆಟ್ ತಗೊಂಡ ಜನ ನೋಡಿ ಬಂದದ್ದು ತಮ್ಮೂರಿನ ಜಗಳವನ್ನ.

ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಬಂದರು. ಅಲ್ಲಿಂದ ತಂದದ್ದು 'ಅಮೆರಿಕದಲ್ಲಿ ಗೊರೂರು'. ಕಣ್ಣೆದುರು ಅಮೆರಿಕ, ಅಳೆಯುವ ಕೋಲು ಮಾತ್ರ ಗೊರೂರಿನದು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1982ರಲ್ಲಿ ಶಿರಸಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹೈಸ್ಕೂಲು ಅರ್ಧಕ್ಕೆ ಬಿಟ್ಟವರಿಗೆ ಸಂದ ಗೌರವ ಇದು. 1991ರಲ್ಲಿ ತೀರಿಕೊಂಡರು.

ಇನ್ನೊಂದು ಸಂಗತಿ ಇದೆ. 1979ರಲ್ಲಿ ಗೊರೂರಲ್ಲೇ ಹೇಮಾವತಿ ಅಣೆಕಟ್ಟು ಮುಗೀತು. ಎಷ್ಟೋ ಗದ್ದೆಗೆ ನೀರು ಬಂತು, ಸುಳ್ಳಲ್ಲ. ಮೇಲ್ದಂಡೆಯ ಹಲವು ಹಳ್ಳಿಗಳು ಮುಳುಗಿದ್ದೂ ಸುಳ್ಳಲ್ಲ. ಮುಳುಗಿದ ಮನೆಗೆ ಪರಿಹಾರದ ಲೆಕ್ಕ ಇರುತ್ತೆ. ಆ ಊರಲ್ಲಿ ಆಡ್ತಿದ್ದ ಮಾತಿಗೆ ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಇಲ್ಲ. ಹರಿಗೋಲು ಹೋದರೆ ಹರಿಗೋಲಿನ ಮಾತೂ ಹೋಯ್ತು. ಟ್ರಾಕ್ಟರ್ ಬಂದ ಮೇಲೆ ನೊಗ, ಮಿಣಿ, ಮೇಳಿ ಅಟ್ಟ ಹತ್ತಿದವು. ಕಣ ಹೋಗಿ ರಸ್ತೆ ಮೇಲೆ ರಾಗಿ ಹರಡೋ ಕಾಲ ಬಂತು. ಅಂಗಡಿಯಲ್ಲಿ ಕಿಲೋ ಬಂದು ಸೇರು, ಅಚ್ಚೇರು, ಪಾವು, ಚಟಾಕು ಮೂಲೆ ಸೇರಿದವು. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಕೆಲಸ ಬದಲಾದರೆ ಮಾತೂ ಬದಲಾಗುತ್ತೆ. ಆದರೆ ಬರೆದಿಟ್ಟವರು ಒಬ್ಬರು ಇದ್ದುದರಿಂದ ಹೊಳೆದಂಡೆಯ ಒಂದು ಕಾಲದ ಬದುಕು ಹಾಗೇ ಕೈಗೆ ಸಿಗುತ್ತೆ.

ದೊಡ್ಡಗದ್ದವಳ್ಳಿ ಶಾಸನ ಓದೋಕೆ ಹಳೆ ಲಿಪಿ ಬಲ್ಲವರು ಬೇಕು. ಗೊರೂರರ ಪುಸ್ತಕಕ್ಕೆ ಅಷ್ಟು ಕಷ್ಟ ಇಲ್ಲ, ಲೈಬ್ರರಿಯಲ್ಲಿ ಕೇಳಿದರಾಯ್ತು. ನಾಳೆ ಅಂಗಡಿಗೆ ಬಂದ ಅಜ್ಜಿ ಅಚ್ಚೇರು ಅವರೆಕಾಳು ಕೊಡಪ್ಪ ಅಂದ್ರೆ ನಗಬೇಡಿ. ಕಾಳು ಕಟ್ಟಿಕೊಡ್ತಾ ಇನ್ನೂ ಯಾವ ಯಾವ ಅಳತೆ ಇತ್ತು ಅಂತ ಕೇಳಿ, ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಗುರುತು ಹಾಕ್ಕೊಳ್ಳಿ.