ಹಾಡುವ ಕಾವ್ಯಗಳಿಗೆ ನೆಲೆ ಕಟ್ಟಿದ ಎಚ್.ಎಲ್. ನಾಗೇಗೌಡರು

ಬೆಂಗಳೂರಿನಿಂದ ಮೈಸೂರಿನ ಹಳೆಯ ಹೆದ್ದಾರಿಯಲ್ಲಿ ಕನಕಗಿರಿ ಯಾತ್ರೆಗೆ ಹೊರಡುವ ಕುಟುಂಬಗಳಿಗೆ ರಾಮನಗರ ದಾಟಿದ ಮೇಲೆ ರಸ್ತೆಯ ಬದಿಯಲ್ಲೇ ಜಾನಪದ ಲೋಕ ಕಾಣುತ್ತದೆ. ನಿವೃತ್ತ ಐಎಎಸ್ ಅಧಿಕಾರಿ, ಸಾಹಿತಿ ಎಚ್.ಎಲ್. ನಾಗೇಗೌಡರು ತಮ್ಮ ಇಳಿವಯಸ್ಸಿನಲ್ಲಿ ಕಟ್ಟಿದ ಸಂಸ್ಥೆ ಇದು.

ನಾಗೇಗೌಡರು ಜನಿಸಿದ್ದು 1915ರ ಫೆಬ್ರವರಿ 11ರಂದು, ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ. ಕಂಬದಹಳ್ಳಿಯ ಪಂಚಕೂಟ ಬಸದಿ ಇರುವುದು ಇದೇ ತಾಲ್ಲೂಕಿನಲ್ಲಿ. ಶ್ರವಣಬೆಳಗೊಳವೂ ಅಲ್ಲಿಂದ ದೂರವಿಲ್ಲ. ಈ ಸೀಮೆಯ ಅರಸರ, ದಾನಿಗಳ, ಮುನಿಗಳ ಚರಿತ್ರೆ ಶಾಸನಗಳಲ್ಲಿ ಉಳಿದಿದೆ. ಒಕ್ಕಲು ಮಕ್ಕಳ ಚರಿತ್ರೆಯಾದರೋ ಹಾಡುಗಾರರ ಬಾಯಲ್ಲಿ ಮಾತ್ರ ಉಳಿದಿತ್ತು. ಬಾಲಕ ನಾಗೇಗೌಡರು ಬೆಳೆದದ್ದು ಆ ಹಳ್ಳಿಯ ಬದುಕಿನ ನಡುವೆ.

ಮೈಸೂರಿನಲ್ಲಿ ವಿಜ್ಞಾನ ಪದವಿ, ಪುಣೆಯಲ್ಲಿ ಕಾನೂನು ಪದವಿ ಪಡೆದು ಅವರು ಸರ್ಕಾರಿ ಸೇವೆಗೆ ಸೇರಿದರು; ಮುಂದೆ ಜಿಲ್ಲಾಧಿಕಾರಿಯಾದರು. ಕಡತಗಳ ನಡುವೆಯೂ ಬರವಣಿಗೆ ಬಿಡಲಿಲ್ಲ. ‘ದೊಡ್ಡಮನೆ’ ಕಾದಂಬರಿ, ವಿದೇಶಿ ಪ್ರವಾಸಿಗರ ಬರಹಗಳನ್ನು ಕನ್ನಡಕ್ಕೆ ತಂದ ‘ಪ್ರವಾಸಿ ಕಂಡ ಇಂಡಿಯಾ’ದ ಸಂಪುಟಗಳು ಅವರಿಗೆ ಹೆಸರು ತಂದವು. ಎತ್ತಿನ ಮೇಲೆ ಊರೂರು ಸುತ್ತಿ ಮನೆತನಗಳ ವಂಶಾವಳಿ ಹೇಳುವ ಹೆಳವರ ಕಾವ್ಯಗಳನ್ನೂ ಅವರು ಸಂಗ್ರಹಿಸಿ ಪ್ರಕಟಿಸಿದರು.

ಹಳ್ಳಿಗಳಿಗೆ ವಿದ್ಯುತ್, ರೇಡಿಯೋ, ಸಿನಿಮಾ ಬಂದಂತೆ ಬೀಸುವ ಕಲ್ಲಿನ ಜೊತೆಗೆ ಬೀಸುವ ಪದವೂ ಮೂಲೆ ಸೇರತೊಡಗಿತು. ಕಂಸಾಳೆಯ ದೇವರಗುಡ್ಡರು ಹಾಡುವ ಮಲೆ ಮಾದೇಶ್ವರ ಕಾವ್ಯ, ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ, ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಇವೆಲ್ಲ ರಾತ್ರಿಯಿಡೀ ಹಾಡಿದರೂ ಮುಗಿಯದಂಥವು. ಇವುಗಳಿಗೆ ಬರೆದಿಟ್ಟ ಮೂಲ ಗ್ರಂಥವಿಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರಬೇಕು. ಶಿಷ್ಯನಿಲ್ಲದೆ ಹಾಡುಗಾರ ತೀರಿಕೊಂಡರೆ ಅವನು ಹಾಡುತ್ತಿದ್ದ ಪಾಠವೂ ಅವನೊಂದಿಗೆ ಹೋಯಿತು.

ನಿವೃತ್ತಿಯ ನಂತರ ನಾಗೇಗೌಡರು ಈ ಕೆಲಸಕ್ಕೇ ನಿಂತರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಹಾಡುಗಾರರನ್ನು ಹುಡುಕಿ ಧ್ವನಿಮುದ್ರಣ, ಚಿತ್ರೀಕರಣ ಮಾಡಿಸಿದರು. ಹಳ್ಳಿಮನೆಗಳ ಅಟ್ಟದಲ್ಲಿ ಬಿದ್ದಿದ್ದ ವಸ್ತುಗಳನ್ನು ಕೂಡಿಹಾಕಿದರು. ಸುಮಾರು 15 ಎಕರೆ ಜಾಗದಲ್ಲಿ ತಲೆಯೆತ್ತಿದ ಜಾನಪದ ಲೋಕ 1994ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಅವರಿಗೆ 79 ವರ್ಷ. ಮರುವರ್ಷ ಮುಧೋಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ಲೋಕಮಹಲ್‌ನಲ್ಲಿ ನೇಗಿಲು, ಕೊಳಗ, ವಾದ್ಯ, ಗೊಂಬೆಗಳನ್ನು ಜೋಡಿಸಿದ್ದಾರೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಕಂಸಾಳೆ ತಾನಾಗಿ ನುಡಿಯುವುದಿಲ್ಲ. ಅದಕ್ಕೆ ಹಾಡುವವರು ಬೇಕು, ಕುಳಿತು ಕೇಳುವವರು ಬೇಕು, ಹಾಡಿದವರ ಹೊಟ್ಟೆ ತುಂಬಬೇಕು. ಅದಕ್ಕೆಂದೇ ಅಲ್ಲಿ ಬಯಲು ರಂಗಮಂದಿರವೂ ಇದೆ. ವರ್ಷಕ್ಕೊಮ್ಮೆ ಲೋಕೋತ್ಸವ ನಡೆಯುತ್ತದೆ. ಹಿರಿಯ ಕಲಾವಿದರಿಗೆ ಸನ್ಮಾನ, ಹೊಸಬರಿಗೆ ತರಬೇತಿಯೂ ಉಂಟು. ಕೂಟಗಲ್, ಮಾಗಡಿ, ಕನಕಪುರ, ಚನ್ನಪಟ್ಟಣ ಸೀಮೆಯ ಸೋಬಾನೆ ಪದಗಳಿಗೂ ಪೂಜಾ ಕುಣಿತಕ್ಕೂ ಹೀಗೆ ಮನೆಯಂಗಳದ ಹತ್ತಿರವೇ ಒಂದು ವೇದಿಕೆ ಸಿಕ್ಕಿತು.

ಇದರಲ್ಲಿ ನಷ್ಟವೂ ಇದೆ. ಜಾತ್ರೆಯಲ್ಲಿ ಹರಕೆ ಹೊತ್ತವರ ಮುಂದೆ ಬೆಳಗಿನವರೆಗೆ ಹಾಡುವ ಕಾವ್ಯ ವೇದಿಕೆಗೆ ಬಂದಾಗ ಅರ್ಧ ಗಂಟೆಗೆ ಇಳಿಯುತ್ತದೆ. ಹಾಡುಗಾರನ ಭಕ್ತಿ ಪ್ರದರ್ಶನವಾಗಿಬಿಡುವ ಅಪಾಯವೂ ಇರುತ್ತದೆ. ಆದರೂ ಆ ಅರ್ಧ ಗಂಟೆ ಕೇಳಿದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಹೋಗಬಹುದು. ಏನೂ ಕೇಳದವನಿಗೆ ಆ ದಾರಿಯೂ ಇಲ್ಲ.

ನಾಗೇಗೌಡರು 2005ರ ಸೆಪ್ಟೆಂಬರ್ 22ರಂದು ನಿಧನರಾದರು. ಅವರು ಕಟ್ಟಿದ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಅವರ ಬದುಕಿನಿಂದ ಜೈನ ಕುಟುಂಬಗಳು ಕಲಿಯುವುದೂ ಇದೆ. ಮೂಡುಬಿದಿರೆಯ ಭಂಡಾರದಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳನ್ನು ನಮ್ಮ ಹಿರಿಯರು ಶತಮಾನಗಳ ಕಾಲ ಕಾಪಾಡಿದರು. ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಹಾಡಿಗೆ ಒಗ್ಗುವ ಸಾಂಗತ್ಯದಲ್ಲಿ ಬರೆದನು. ಆದರೆ ನೋಂಪಿಯ ದಿನ ಅಜ್ಜಿ ಹಾಡುವ ಹಾಡು, ತೊಟ್ಟಿಲು ತೂಗುವಾಗಿನ ಜೋಗುಳ, ಗುಳ್ಳಕಾಯಜ್ಜಿಯ ಕಥೆಯನ್ನು ಅವರು ಹೇಳುವ ಧಾಟಿ ಯಾವ ಭಂಡಾರದಲ್ಲೂ ಇಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮುಂದಿನ ನೋಂಪಿಗೆ ಮನೆಯ ಹಿರಿಯರನ್ನು ಕೂರಿಸಿ ಹಾಡಿಸಿ, ಮುದ್ರಿಸಿಕೊಳ್ಳಿ. ಮಕ್ಕಳಿಗೆ ಒಂದಾದರೂ ಹಾಡು ಬಾಯಿಪಾಠ ಮಾಡಿಸಿ. ರಾಮನಗರದ ಕಡೆ ಹೋದಾಗ ಅವರನ್ನು ಜಾನಪದ ಲೋಕಕ್ಕೂ ಕರೆದೊಯ್ಯಿರಿ.