ತಳುಕಿನ ವೆಂಕಣ್ಣಯ್ಯನವರು ಕಟ್ಟಿದ ತರಗತಿ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1916ರಲ್ಲಿ. ಅಲ್ಲಿ ಕನ್ನಡವನ್ನು ಎಂ.ಎ. ಮಟ್ಟದಲ್ಲಿ ಓದುವ ಅವಕಾಶ ದೊರೆತದ್ದು 1927ರಲ್ಲಿ. ನಡುವಿನ ಹನ್ನೊಂದು ವರ್ಷ ಕನ್ನಡ ನಾಡಿನ ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆ ಉನ್ನತ ವ್ಯಾಸಂಗದ ಪೀಠವಿರಲಿಲ್ಲ. ಆದೇಶವೇನೋ ಹೊರಬಿತ್ತು. ಆದರೆ ಆದೇಶದಿಂದ ತರಗತಿ ನಡೆಯುವುದಿಲ್ಲ. ಇಂಗ್ಲಿಷಿನಲ್ಲೋ ಚರಿತ್ರೆಯಲ್ಲೋ ಎಂ.ಎ. ಮಾಡಿದವನಿಗೆ ಸಮಾಜದಲ್ಲಿ ಮರ್ಯಾದೆಯಿತ್ತು, ಸರ್ಕಾರದಲ್ಲಿ ಕೆಲಸವಿತ್ತು. ಕನ್ನಡ ಓದಿದವನು ಆಗಬಹುದಾದದ್ದು ಪಂಡಿತ. ಸಂಬಳದಲ್ಲಿಯೂ ಸ್ಥಾನಮಾನದಲ್ಲಿಯೂ ಪಂಡಿತರದು ಕೊನೆಯ ಸಾಲು. ಜಾಣ ವಿದ್ಯಾರ್ಥಿ ಇಲ್ಲಿಗೆ ಏಕೆ ಬರಬೇಕು? ಬಂದರೆ ಏನನ್ನು ಓದಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿ ಸವೆದದ್ದು ಪ್ರೊ. ಟಿ.ಎಸ್. ವೆಂಕಣ್ಣಯ್ಯನವರ ಬಾಳಿನ ಕೊನೆಯ ಹನ್ನೆರಡು ವರ್ಷ.

ವೆಂಕಣ್ಣಯ್ಯನವರು 1885ರಲ್ಲಿ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ ಹುಟ್ಟಿದರು. ಆಂಧ್ರದ ಗಡಿಗೆ ಸಮೀಪದ ಆ ಊರಿನಲ್ಲಿ ಅವರ ಮನೆಮಾತು ತೆಲುಗು. ಕನ್ನಡದ ಮೊದಲ ಪ್ರಾಧ್ಯಾಪಕರ ಮನೆಮಾತು ಕನ್ನಡವಾಗಿರಲಿಲ್ಲ ಎಂಬುದು ಇಂದಿನ ಭಾಷಾವಾಗ್ವಾದಗಳ ನಡುವೆ ನೆನೆಯತಕ್ಕ ಸಂಗತಿ. ಅದೇ ಮನೆತನದಿಂದ ಬಂದ ಕಾದಂಬರಿಕಾರ ತ.ರಾ. ಸುಬ್ಬರಾಯರು ಬಾಲ್ಯದಲ್ಲಿ ಕನ್ನಡದಲ್ಲಿ ಕಥೆ ಬರೆಯಲು ತೊಡಗಿದ್ದಕ್ಕೂ ದೊಡ್ಡಪ್ಪ ವೆಂಕಣ್ಣಯ್ಯನವರ ಪ್ರೇರಣೆಯೇ ಕಾರಣ.

ಪ್ರೌಢಶಾಲೆಯಲ್ಲಿ ಪಾಠ ಹೇಳಿ, ದೊಡ್ಡಬಳ್ಳಾಪುರದಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಅವರು ಕಾಲೇಜಿಗೆ ಬಂದರು. ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆಗಿನ ಅವರ ಸ್ನೇಹ ಎಷ್ಟು ಗಾಢವಾಗಿತ್ತೆಂದರೆ, ಜನ ಆ ಇಬ್ಬರನ್ನೂ ಅಶ್ವಿನೀ ದೇವತೆಗಳೆಂದು ಕರೆದರು. ಇಬ್ಬರೂ ಕೂಡಿ ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದರು. ಬಿ.ಎಂ. ಶ್ರೀಕಂಠಯ್ಯನವರೂ ಸೇರಿದರೆ ಕನ್ನಡದ ರತ್ನತ್ರಯ. ಈ ಮೂವರಲ್ಲಿ ಕೆಲಸ ಒಂದು ರೀತಿಯಲ್ಲಿ ಹಂಚಿಹೋಗಿತ್ತೆನ್ನಬಹುದು. ಇಂಗ್ಲಿಷ್ ಪ್ರಾಧ್ಯಾಪಕರಾದ ಶ್ರೀಯವರು ವೇದಿಕೆಯ ಮೇಲೆ ನಿಂತು ನಾಡನ್ನು ಎಚ್ಚರಿಸಿದರು. 1926ರಿಂದ ರಿಜಿಸ್ಟ್ರಾರ್ ಆಗಿ ಆಡಳಿತದ ಒಳಗೂ ಇದ್ದರು. ಶಾಸ್ತ್ರಿಗಳು 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿ ಹೊಸ ಬರಹಕ್ಕೆ ಜಾಗ ಮಾಡಿಕೊಟ್ಟರು. ವೆಂಕಣ್ಣಯ್ಯನವರ ಪಾಲಿಗೆ ಬಂದದ್ದು ತರಗತಿ, ಅಂದರೆ ಯಾರ ಕಣ್ಣಿಗೂ ಬೀಳದ ಕೆಲಸ.

ಅವರ ಕೆಲಸದ ಸ್ವರೂಪ ತಿಳಿಯಲು ಒಬ್ಬ ವಿದ್ಯಾರ್ಥಿಯ ಕಥೆ ಸಾಕು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಕೆ.ವಿ. ಪುಟ್ಟಪ್ಪ ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದ ಪ್ರಸಂಗ ಶಾಲಾ ಮಕ್ಕಳಿಗೂ ಗೊತ್ತು. ಗೊತ್ತಿರುವುದು ಅಷ್ಟೇ. ಕಸಿನ್ಸ್ ತಿರುಗಿಸಿದ್ದು ಕವಿಯನ್ನು. ವಿದ್ಯಾರ್ಥಿ ಇನ್ನೂ ತತ್ತ್ವಶಾಸ್ತ್ರದಲ್ಲಿಯೇ ಇದ್ದ. 1927ರಲ್ಲಿ ಬಿ.ಎ. ಮುಗಿಸಿದ ಪುಟ್ಟಪ್ಪನವರ ಒಲವು ಎಂ.ಎ.ಯಲ್ಲಿಯೂ ತತ್ತ್ವಶಾಸ್ತ್ರವನ್ನೇ ಓದುವ ಕಡೆಗಿತ್ತು. ಆಗ ತಾನೇ ತೆರೆದ ಕನ್ನಡ ತರಗತಿಯ ಕಡೆಗೆ ಅವರನ್ನು ಒಲಿಸಿದವರು ವೆಂಕಣ್ಣಯ್ಯನವರು. ಆ ವಿಷಯಕ್ಕೆ ಇನ್ನೂ ಹೆಸರಿರಲಿಲ್ಲ, ಮುಂದಿನ ದಾರಿಯೂ ಸ್ಪಷ್ಟವಿರಲಿಲ್ಲ. ಒಬ್ಬ ತರುಣನ ಭವಿಷ್ಯವನ್ನು ಅಂಥದಕ್ಕೆ ಒಡ್ಡುವಂತೆ ಸಲಹೆ ಕೊಡುವುದು ಸಣ್ಣ ಹೊಣೆಯಲ್ಲ. ಸಲಹೆ ಕೊಟ್ಟವರು ಆ ಹೊಣೆಯನ್ನು ತಾವೂ ಹೊರಬೇಕಾಗುತ್ತದೆ. 1929ರಲ್ಲಿ ಪುಟ್ಟಪ್ಪ ಎಂ.ಎ. ಮುಗಿಸಿ, ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು.

ಏನನ್ನು ಓದಬೇಕು ಎಂಬ ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಎಷ್ಟೋ ಕಾವ್ಯಗಳು ತಾಳೆಗರಿಯಲ್ಲಿದ್ದವು. ಅಚ್ಚಾದವುಗಳಲ್ಲಿ ನೆಚ್ಚತಕ್ಕ ಪಾಠಗಳು ಕಡಿಮೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರನೆಯ ಸಂಪುಟ ಹೊರಬಂದದ್ದೂ 1929ರಲ್ಲಿಯೇ. ಪಠ್ಯವಿಲ್ಲದ ವಿಷಯವನ್ನು ಕಲಿಸುವ ಅಧ್ಯಾಪಕ ಪಠ್ಯವನ್ನೂ ತಾನೇ ಒದಗಿಸಬೇಕು. ವೆಂಕಣ್ಣಯ್ಯನವರು ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದರು. ಬಂಗಾಳಿ ಕಲಿತು ರವೀಂದ್ರನಾಥ ಠಾಕೂರರ ವಿಮರ್ಶಾ ಲೇಖನಗಳನ್ನು ಕನ್ನಡಕ್ಕೆ ತಂದರು. ಅವರ ಪಾಂಡಿತ್ಯಕ್ಕೆ ಹೋಲಿಸಿದರೆ ಬರೆದದ್ದು ಬಹಳ ಸ್ವಲ್ಪ. ಇಂದಿನ ಅಂಕ ಪದ್ಧತಿಯಲ್ಲಿ, ಪ್ರಕಟಣೆಗಳ ಸಂಖ್ಯೆಯನ್ನು ಎಣಿಸಿ ಬಡ್ತಿ ನೀಡುವ ಸಮಿತಿಯೆದುರು, ಅವರು ಬಹುಶಃ ಹಿಂದೆ ಬೀಳುತ್ತಿದ್ದರು.

ಬರೆಯದೆ ಉಳಿದದ್ದು ಶಿಷ್ಯರ ಮೂಲಕ ಬಂತು. ಡಿ.ಎಲ್. ನರಸಿಂಹಾಚಾರ್ಯರು ‘ವಡ್ಡಾರಾಧನೆ’ಯನ್ನು ಸಂಪಾದಿಸಿ ಗ್ರಂಥಸಂಪಾದನೆಯನ್ನು ಶಾಸ್ತ್ರವಾಗಿ ನಿಲ್ಲಿಸಿದರು. ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕೊಟ್ಟರು. ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು. ಅವರ ಶಿಷ್ಯ ದೇ. ಜವರೇಗೌಡರು 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯನ್ನು ಬೆಳೆಸಿದರು. ಕೆಲವೇ ವಿದ್ಯಾರ್ಥಿಗಳಿಂದ ಆರಂಭವಾದ ತರಗತಿ ನಾಲ್ಕು ದಶಕಗಳಲ್ಲಿ ಸಂಸ್ಥೆಯಾಗಿ ನಿಂತದ್ದು ಹೀಗೆ. ಅಲ್ಲಿ ಕಲಿತವರೇ ಅಲ್ಲಿ ಕಲಿಸಲು ನಿಂತರು, ಬಹಳ ಕಾಲ ನಿಂತರು ಎಂಬುದನ್ನು ಗಮನಿಸಬೇಕು.

ಬಹಳ ಕಾಲ ನಿಲ್ಲುವ ಅಧ್ಯಾಪಕರು ಈಗ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ವಿರಳ. ಪಾಠದ ಭಾರವನ್ನು ಹೊತ್ತಿರುವವರು ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು. ಅವರಲ್ಲಿ ಯೋಗ್ಯರಿಗೇನೂ ಕೊರತೆಯಿಲ್ಲ. ಆದರೆ ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ತಿಳಿಯದ ಉಪನ್ಯಾಸಕ, ಬಿ.ಎ. ವಿದ್ಯಾರ್ಥಿಯೊಬ್ಬನನ್ನು ಕರೆದು ಎರಡು ವರ್ಷದ ವ್ಯಾಸಂಗಕ್ಕೆ ಯಾವ ಧೈರ್ಯದಿಂದ ಒಲಿಸಿಯಾನು? 2025ರ ಆರಂಭದಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲಿ ಎದ್ದಾಗ ಅನುದಾನ, ಜಮೀನು, ಕಟ್ಟಡಗಳ ಲೆಕ್ಕ ಧಾರಾಳವಾಗಿ ಹೊರಬಂತು. ಅಧ್ಯಾಪಕರ ವಿಚಾರ ಬಂದದ್ದು ಖಾಲಿ ಹುದ್ದೆಗಳ ಸಂಖ್ಯೆಯಾಗಿ ಮಾತ್ರ.

ಕೋಲಾರವನ್ನು ಕೇಂದ್ರವಾಗುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ 2017ರಲ್ಲಿ ಆರಂಭವಾಯಿತು. ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿ ಅದರ ವ್ಯಾಪ್ತಿಯ ಗಡಿಯಂಚಿನಲ್ಲಿದೆ. ತಳುಕಿನಂತೆ ಅದೂ ಆಂಧ್ರಕ್ಕೆ ಅಂಟಿಕೊಂಡ ಸೀಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಅಲ್ಲಿ ಹೇರಳ. ಪದವಿ ಮುಗಿಸಿದ ಅಲ್ಲಿನ ಹುಡುಗಿಯೊಬ್ಬಳು ಕನ್ನಡ ಎಂ.ಎ. ಓದುವುದೋ, ಬೆಂಗಳೂರಿನಲ್ಲಿ ಸಿಕ್ಕಿದ ಕೆಲಸಕ್ಕೆ ಸೇರುವುದೋ ಎಂದು ಯೋಚಿಸುವಾಗ, ಅವಳ ಮುಂದೆ ಇರುವುದು ಪ್ರವೇಶದ ಪ್ರಕಟಣೆ ಮತ್ತು ಶುಲ್ಕದ ವಿವರ. ಅವಳ ಒಲವನ್ನು ಬಲ್ಲ, ಅವಳ ತಂದೆತಾಯಿಗಳಿಗೆ ಒಂದು ಮಾತು ಹೇಳಬಲ್ಲ, ಅವಳು ಮುಗಿಸುವವರೆಗೆ ಅಲ್ಲಿಯೇ ಇರಬಲ್ಲ ಅಧ್ಯಾಪಕರ ಹುದ್ದೆ ಭರ್ತಿಯಾಗಿದೆಯೇ ಎಂದು ಅರ್ಜಿಯ ನಮೂನೆ ತಿಳಿಸುವುದಿಲ್ಲ.

ವೆಂಕಣ್ಣಯ್ಯನವರು 1939ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತಮೂರು ವರ್ಷ. ಅವರ ಶಿಷ್ಯ ಅದಕ್ಕೆ ಮೂರು ವರ್ಷ ಮೊದಲೇ ಒಂದು ಮಹಾಕಾವ್ಯವನ್ನು ಕೈಗೆತ್ತಿಕೊಂಡಿದ್ದರು. ‘ಶ್ರೀ ರಾಮಾಯಣ ದರ್ಶನಂ’ 1949ರಿಂದ ಅಚ್ಚಾಗತೊಡಗಿತು. ಅದಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪುರಸ್ಕಾರವೂ, ಮುಂದೆ 1967ರ ಸಾಲಿನ ಜ್ಞಾನಪೀಠವೂ ಸಂದವು. ಕಾವ್ಯದ ಆರಂಭದಲ್ಲಿ ಅರ್ಪಣೆಯ ಪದ್ಯಗಳಿವೆ. ಕುವೆಂಪು ಕೃತಿಯನ್ನು ಅರ್ಪಿಸಿದ್ದು ಅರಸರಿಗಲ್ಲ, ಹಿರಿಯ ಕವಿಗಳಿಗೂ ಅಲ್ಲ, ಹತ್ತು ವರ್ಷಗಳ ಹಿಂದೆ ತೀರಿಕೊಂಡ ತಮ್ಮ ಮೇಷ್ಟರಿಗೆ.