ಜೊನಾಥನ್ ಪೋಸ್ಟೆಲ್

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕರೂಢಿ. ಆದರೆ ಹೊಸದು ಬಂದರೂ ಹಳೆಯದರ ಕೆಲಸ ಕೆಡಬಾರದೆಂದು ಜೀವಮಾನವೆಲ್ಲ ದುಡಿದವರು ಜೊನಾಥನ್ ಪೋಸ್ಟೆಲ್. ಅಂತರಜಾಲದ ನಿರ್ಮಾಪಕರಲ್ಲಿ ಅವರೊಬ್ಬರು.

ಪೋಸ್ಟೆಲ್ 1943ನೆಯ ಇಸವಿ ಆಗಸ್ಟ್ 6ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜನಿಸಿದರು. ಲಾಸ್ ಏಂಜಲೀಸ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1974ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1969ರಲ್ಲಿ, ದೂರದೂರದ ಕಂಪ್ಯೂಟರುಗಳನ್ನು ಜೋಡಿಸುವ ಅರ್ಪಾನೆಟ್ ಎಂಬ ಜಾಲವು ಆರಂಭವಾಯಿತು. ಕಂಪ್ಯೂಟರುಗಳು ಪರಸ್ಪರ ವ್ಯವಹರಿಸಲು ಒಪ್ಪಿತ ನಿಯಮಗಳು ಬೇಕು. ಅವುಗಳನ್ನು ವಿವರಿಸುವ ಲೇಖನಮಾಲೆಯ ಸಂಪಾದಕತ್ವವನ್ನು ವಹಿಸಿಕೊಂಡ ಪೋಸ್ಟೆಲ್ ಆ ಹೊಣೆಯನ್ನು ಕಡೆಯವರೆಗೂ ನಿರ್ವಹಿಸಿದರು.

ಅರ್ಪಾನೆಟ್ಟಿನ ಮೊದಲ ನಿಯಮಾವಳಿಗೆ ಎನ್‌ಸಿಪಿ ಎಂದು ಹೆಸರು. ಅದು ಒಂದು ಜಾಲಕ್ಕೆ ಸಾಕಾಗಿತ್ತು. ಹಲವು ಜಾಲಗಳನ್ನು ಬೆಸೆಯಲು ಶಕ್ತವಾಗಿರಲಿಲ್ಲ. ಆದ್ದರಿಂದ ಟಿಸಿಪಿ ಎಂಬ ಹೊಸ ನಿಯಮಾವಳಿ ರೂಪುಗೊಂಡಿತು. ಆದರೆ ಪತ್ರಗಳ ಬಟವಾಡೆ, ಕಡತಗಳ ರವಾನೆ, ದೂರದ ಯಂತ್ರದ ಬಳಕೆ ಮುಂತಾದ ಸೇವೆಗಳೆಲ್ಲ ಹಳೆಯದನ್ನೇ ನೆಚ್ಚಿಕೊಂಡಿದ್ದವು. ಎಲ್ಲರೂ ಒಂದೇ ದಿನ ಬದಲಾಗುವುದು ಅಸಾಧ್ಯ. ಬದಲಾದವರಿಗೂ ಬದಲಾಗದವರಿಗೂ ಸಂಪರ್ಕ ತಪ್ಪಿದರೆ ಜಾಲವೇ ಇಬ್ಭಾಗವಾಗುವ ಭಯವಿತ್ತು.

1981ರ ನವೆಂಬರಿನಲ್ಲಿ ಪೋಸ್ಟೆಲ್ ಇದಕ್ಕೊಂದು ಯೋಜನೆಯನ್ನು ಸಿದ್ಧಪಡಿಸಿದರು. ಅದರಂತೆ 1982ನೆಯ ವರ್ಷವಿಡೀ ಎರಡು ನಿಯಮಾವಳಿಗಳೂ ಜೊತೆಯಾಗಿ ನಡೆಯಬೇಕು. ಎರಡನ್ನೂ ಬಲ್ಲ ಕೆಲವು ಕಂಪ್ಯೂಟರುಗಳು ದುಭಾಷಿಗಳಂತೆ ನಡುವೆ ನಿಂತು ಪತ್ರಗಳನ್ನೂ ಕಡತಗಳನ್ನೂ ದಾಟಿಸಬೇಕು. 1983ರ ಜನವರಿ 1ಕ್ಕೆ ಹಳೆಯದು ಕೊನೆಗೊಳ್ಳಬೇಕು. ಈ ಗಡುವನ್ನು ಹಗುರವಾಗಿ ಎಣಿಸಿದವರೂ ಇದ್ದರು. ಅವರನ್ನು ಎಚ್ಚರಿಸಲು 1982ರಲ್ಲಿಯೇ ಹಳೆಯ ನಿಯಮಾವಳಿಯನ್ನು ಒಂದು ದಿನ ತಡೆಹಿಡಿಯಲಾಯಿತು. ನಿಗದಿತ ದಿನದಂದು ಬದಲಾವಣೆ ನಡೆದೇ ನಡೆಯಿತು. ಹಿಂದುಳಿದ ಕೆಲವು ಯಂತ್ರಗಳು ಮುಂದಿನ ತಿಂಗಳುಗಳಲ್ಲಿ ಬಂದು ಸೇರಿಕೊಂಡವು.

ತಾನು ಕಳುಹಿಸುವ ಸಂದೇಶ ನಿಯಮಕ್ಕೆ ಚಾಚೂ ತಪ್ಪದಂತಿರಬೇಕು. ಇತರರಿಂದ ಬಂದುದರಲ್ಲಿ ಅಲ್ಪಸ್ವಲ್ಪ ಕೊರತೆಯಿದ್ದರೂ ಅರ್ಥವಾಗುವಂತಿದ್ದರೆ ಸ್ವೀಕರಿಸಬೇಕು. ಇದು ಪೋಸ್ಟೆಲ್ ಅವರು ತಂತ್ರಾಂಶಗಳಿಗೆ ವಿಧಿಸಿದ ಧರ್ಮ. ಅತಿಯಾದ ಸಹನೆಯಿಂದ ದೋಷಗಳು ಬೇರೂರುತ್ತವೆಂದು ಮುಂದಿನ ತಜ್ಞರು ಆಕ್ಷೇಪಿಸಿದ್ದುಂಟು. ಆದರೂ ನಾನಾ ಬಗೆಯ ಯಂತ್ರಗಳು ಒಂದಾಗಿ ಬಾಳಲು ಆ ಕಾಲದಲ್ಲಿ ಅದು ನೆರವಾಯಿತು.

ಹೃದಯದ ಶಸ್ತ್ರಚಿಕಿತ್ಸೆಯ ತರುವಾಯ, 1998ರ ಅಕ್ಟೋಬರ್ 16ರಂದು, ಪೋಸ್ಟೆಲ್ ತೀರಿಕೊಂಡರು. ಆಗ ಅವರ ವಯಸ್ಸು 55. ಜಾಲದ ಒಂದೊಂದು ಸೇವೆಗೂ ಒಂದೊಂದು ಅಂಕೆಯನ್ನು ಗೊತ್ತುಮಾಡುವ ಕೆಲಸವನ್ನೂ ಅವರು ದೀರ್ಘಕಾಲ ನಡೆಸಿದ್ದರು. ಅವರ ಪಟ್ಟಿಯಲ್ಲಿ ಮಿಂಚಂಚೆಗೆ ದೊರೆತ ಅಂಕೆ 25. ಯಂತ್ರಗಳು ಎಷ್ಟೋ ಬಾರಿ ಬದಲಾಗಿವೆ; ಅಂಚೆಯನ್ನು ಸಾಗಿಸುವ ಕಂಪ್ಯೂಟರುಗಳು ಇಂದಿಗೂ ಅದೇ ಬಾಗಿಲನ್ನು ತಟ್ಟುತ್ತವೆ.